ಹಳೆಯ ಮೋಟಾರು, ಹೊಸ ಹೊರೆ

ಹಳೆಯ ಕಾರಿಗೆ ತೆತ್ತ ಬೆಲೆಯು ವೆಚ್ಚದ ಆರಂಭವೇ ಹೊರತು ಅಂತ್ಯವಲ್ಲವೆಂಬುದನ್ನು ಐಗಳಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕ್ಲಚ್ ಪ್ಲೇಟು, ಬ್ರೇಕು, ಬ್ಯಾಟರಿ, ಟಾಯರುಗಳು ಒಂದರ ಹಿಂದೊಂದು ಕೈಕೊಡುತ್ತವೆ. ಮಾರುತಿ 800ರ ತಯಾರಿಕೆಯೇ 2014ರಲ್ಲಿ ನಿಂತಿತು. ಆದರೂ ಅಥಣಿಯ ಪೇಟೆಗೆ ಹೋಗಲು, ರೋಗಿಯನ್ನು ಮಿರಜದ ಆಸ್ಪತ್ರೆಗೆ ಒಯ್ಯಲು ಸಾಧಾರಣ ಕುಟುಂಬಕ್ಕೆ ಇಂಥ ಗಾಡಿಯೇ ಆಧಾರವು.

ಹೀಗಿರಲು, ಹದಿನೈದು ವರ್ಷ ದಾಟಿದ ಕಾರುಗಳ ನೋಂದಣಿಯ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರವು 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000ಕ್ಕೆ ಏರಿಸಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರಲ್ಲಿ 10,000 ಮಾಡಿತು. ಬ್ರೇಕಿನ ದುರಸ್ತಿಗೆ ಸಲ್ಲಬೇಕಾದ ಹಣವು ಹೀಗೆ ಬೊಕ್ಕಸಕ್ಕೆ ಸಲ್ಲುತ್ತದೆ.

ಹೊಗೆಯುಗುಳುವ, ಬ್ರೇಕು ಹಿಡಿಯದ ಗಾಡಿಯನ್ನು ತಡೆಯುವುದು ನ್ಯಾಯವೇ ಸರಿ. ಆದರೆ ದಂಡವು ದೋಷಕ್ಕೆ ತಕ್ಕದ್ದು, ವಯಸ್ಸಿಗಲ್ಲ. ಸರಕಾರವು ಪರೀಕ್ಷೆಯನ್ನು ಬಿಗಿಗೊಳಿಸಿ ಶುಲ್ಕವನ್ನು ತಗ್ಗಿಸಲಿ. ಗಾಡಿಯ ಒಡೆಯರೂ ದುರಸ್ತಿಯನ್ನು ಮುಂದೂಡದಿರಲಿ. ಅಲ್ಲಿ ಉಳಿಸಿದ ಕಾಸು ಪ್ರಾಣಕ್ಕೆ ಎರವಾದೀತು.