ಹಾಡು ಹಾಕಿ ಡಾಕ್ಟರಾದವರು

ಪರೀಕ್ಷೆ ಹತ್ತಿರ ಬಂತೆಂದರೆ ಹೊಸದುರ್ಗವಾಗಲಿ, ಹೊಳಲ್ಕೆರೆಯಾಗಲಿ, ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಜಗಳ ತಪ್ಪುವುದಿಲ್ಲ. ಮಗ ಕೋಣೆಯಲ್ಲಿ ಹಾಡು ಹಾಕಿಕೊಂಡು ಪುಸ್ತಕ ಹಿಡಿದಿರುತ್ತಾನೆ. 'ಮೊದಲು ಅದನ್ನು ಬಂದ್ ಮಾಡೋ. ಹಾಡು ಹಾಕ್ಕೊಂಡು ಕೂತು ಯಾರೂ ಡಾಕ್ಟರಾಗಿಲ್ಲ' ಎಂದು ಅಪ್ಪ ಗದರುತ್ತಾರೆ. 1990ರ ದಶಕದಲ್ಲಿ ಅದು ಟೇಪ್‌ರೆಕಾರ್ಡರ್ ಆಗಿತ್ತು, ಈಗ ಮೊಬೈಲು. ಜಗಳ ಮಾತ್ರ ಅದೇ.

ಆದರೆ ಹಾಡು ಹಾಕಿಯೇ ಡಾಕ್ಟರಾದವರು ಒಬ್ಬರಿದ್ದಾರೆ.

ಅವರ ಹೆಸರು ಆಲ್ಬನ್ ನ್ವಾಪಾ. 1957ರಲ್ಲಿ ನೈಜೀರಿಯಾದ ಹತ್ತು ಮಕ್ಕಳ ಸಂಸಾರವೊಂದರಲ್ಲಿ ಹುಟ್ಟಿದವರು. 23ನೆಯ ವಯಸ್ಸಿನಲ್ಲಿ ದಂತವೈದ್ಯ ಶಿಕ್ಷಣಕ್ಕೆಂದು ಸ್ವೀಡನ್ನಿಗೆ ಹೋದರು. ಪರದೇಶದ ಓದು, ಕೈಯಲ್ಲಿ ಕಾಸು ಬೇಕು. ಸ್ಟಾಕ್‌ಹೋಮಿನ ಆಲ್ಫಾಬೆಟ್ ಸ್ಟ್ರೀಟ್ ಎಂಬ ಕ್ಲಬ್ಬಿನಲ್ಲಿ ಡಿಸ್ಕ್ ಜಾಕಿಯ ಕೆಲಸ ಹಿಡಿದರು. ಕುಣಿಯಲು ಬಂದವರಿಗೆ ಒಂದರ ಹಿಂದೊಂದು ರೆಕಾರ್ಡು ಹಾಕುವುದೇ ಆ ಕೆಲಸ. ರೆಕಾರ್ಡು ತಿರುಗುತ್ತಿರುವಾಗ ತಾವೂ ಮೈಕು ಹಿಡಿದು ದನಿಗೂಡಿಸುತ್ತಿದ್ದರು. ಜನಕ್ಕೆ ಅದು ಹಿಡಿಸಿತು. ಹಾಗೆಂದು ಓದು ಬಿಡಲಿಲ್ಲ. ಪದವಿ ಮುಗಿಸಿದರು, ಸ್ವಂತ ಚಿಕಿತ್ಸಾಲಯವನ್ನೂ ತೆರೆದರು. ಮುಂದೆ ಗಾಯಕರಾದಾಗ ಇಟ್ಟುಕೊಂಡ 'ಡಾ. ಆಲ್ಬನ್' ಎಂಬ ಹೆಸರಿನಲ್ಲಿರುವ 'ಡಾ.' ಬರಿಯ ಅಲಂಕಾರವಲ್ಲ, ದುಡಿದು ಗಳಿಸಿದ್ದು.

1990ರಲ್ಲಿ ಡೆನಿಜ್ ಪಾಪ್ ಎಂಬ ಸ್ವೀಡನ್ನಿನ ಸಂಗೀತ ನಿರ್ಮಾಪಕರ ಪರಿಚಯವಾಯಿತು. ಅದೇ ವರ್ಷ 'ಹಲೋ ಆಫ್ರಿಕಾ' ಹೊರಬಂತು. 1992ರಲ್ಲಿ ಬಂದದ್ದು 'ಇಟ್ಸ್ ಮೈ ಲೈಫ್'. ಯಂತ್ರದಂತೆ ತಪ್ಪದೆ ಬೀಳುವ ತಾಳ, ಸಿಂಥಸೈಜರಿನ ಸ್ವರ, ನಡುವೆ ಮಾತಿನ ಧಾಟಿಯ ರ‍್ಯಾಪ್, ಮತ್ತೆ ಮತ್ತೆ ಮರಳುವ ಪಲ್ಲವಿ - ಯೂರೋಡ್ಯಾನ್ಸ್ ಎಂದು ಹೆಸರಾದ ಶೈಲಿಯ ಲಕ್ಷಣಗಳಿವು. ಪಲ್ಲವಿಯ ಇಂಗ್ಲಿಷ್ ಬಲು ಸರಳ. ಆ ಭಾಷೆ ಮನೆಮಾತಲ್ಲದ ದೇಶಗಳ ಹುಡುಗರೂ ಹಾಡಿಕೊಳ್ಳಬಹುದು. ಗಡಿ ದಾಟಲು ಇದು ದೊಡ್ಡ ಅನುಕೂಲ. ಯಾವ ಹಾಡು ಹೆಚ್ಚು ಮಾರಾಟವಾಯಿತೆಂದು ಅಲ್ಲಿನ ದೇಶಗಳಲ್ಲಿ ವಾರವಾರವೂ ಪಟ್ಟಿ ಪ್ರಕಟವಾಗುತ್ತದೆ. ಜರ್ಮನಿ, ಆಸ್ಟ್ರಿಯಾ, ಬೆಲ್ಜಿಯಂ, ನೆದರ್ಲೆಂಡ್ಸ್‌ಗಳ ಪಟ್ಟಿಯಲ್ಲಿ ಈ ಹಾಡಿಗೆ ಮೊದಲ ಸ್ಥಾನ ದಕ್ಕಿತು. ಬ್ರಿಟನ್ನಿನಲ್ಲಿ ಎರಡನೆಯದು.

ನನ್ನ ಬದುಕು ನನ್ನದು ಎಂಬುದು ಹಾಡಿನ ತಿರುಳು. ಹದಿನೇಳರ ಹುಡುಗನಿಗೆ ಇದು ಸಿಹಿ, ಹೆತ್ತವರಿಗೆ ಇರುಸುಮುರುಸು. ಆದರೆ ಹೀಗೆ ಹಾಡಿದವರು ಯಾರೆಂದು ನೋಡಬೇಕು. ಹಗಲು ಓದಿ, ರಾತ್ರಿ ದುಡಿದು, ಮೂವತ್ತೈದರ ಆಸುಪಾಸಿನಲ್ಲಿದ್ದ ಹಲ್ಲಿನ ಡಾಕ್ಟರು. ಊರು ಬಿಟ್ಟು ಸುಮಾರು ಹನ್ನೆರಡು ವರ್ಷಗಳ ಮೇಲೆ ಸಿಕ್ಕ ಯಶಸ್ಸು ಅದು. ವಾರದ ಪಟ್ಟಿಯಲ್ಲಿ ಆ ವರ್ಷಗಳು ಕಾಣುವುದಿಲ್ಲ.

ಹಿರಿಯೂರಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸದುರ್ಗದ ಸೀಮೆ ಹಾಯ್ದು ಬರುವ ವೇದಾವತಿಗೆ ಕಟ್ಟಿದ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ - 89 ವರ್ಷಗಳ ಮೇಲೆ. ಅಂದು ನಾಡೆಲ್ಲ ನೋಡಲು ಬಂದದ್ದು ಕೋಡಿಯನ್ನು. ಹನಿಹನಿಯಾಗಿ ಹಿಂದೆ ನಿಂತ ನೀರನ್ನು, ಸಾಲದಾದಾಗ ಭದ್ರೆಯಿಂದ ಹರಿದುಬಂದ ನೀರನ್ನು ನೆನೆದವರು ಎಷ್ಟು ಮಂದಿ? ಆಲ್ಬನ್ ಅವರ ಪಾಲಿಗೆ ಡೆನಿಜ್ ಪಾಪ್ ಬಂದದ್ದು ಭದ್ರೆಯ ನೀರಿನಂತೆ. ಆದರೆ ಕೆರೆಯಲ್ಲಿ ಮೊದಲೇ ನೀರು ನಿಂತಿತ್ತು.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಹಾಡಿದವರೆಲ್ಲ ಪಟ್ಟಿಯ ತುದಿ ಏರುವುದಿಲ್ಲ. 1992ರ ಆ ಗೆಲುವು ಬರದೇ ಹೋಗಿದ್ದರೂ ಆಲ್ಬನ್ ಅವರ ಕೈಯಲ್ಲಿ ಒಂದು ವೃತ್ತಿ ಇತ್ತು. ದಂತವೈದ್ಯ ಓದು ಹಗುರವಾದದ್ದೇನಲ್ಲ. ಚಿತ್ರದುರ್ಗದ ಎಸ್‌ಜೆಎಂ ದಂತ ವೈದ್ಯಕೀಯ ಕಾಲೇಜಿಗೆ ಮಕ್ಕಳನ್ನು ಕಳಿಸಿದ ಮನೆಯವರಿಗೆ ಅದು ಗೊತ್ತು: ನಾಲ್ಕು ವರ್ಷದ ತರಗತಿ, ಮೇಲೊಂದು ವರ್ಷದ ಇಂಟರ್ನ್‌ಶಿಪ್. ಅಂಥ ಓದಿನ ಖರ್ಚನ್ನು ಹಾಡು ಹೊತ್ತಿತು. ಹಾಡು ಕೈಕೊಟ್ಟಿದ್ದರೆ ಓದು ಕೈಹಿಡಿಯುತ್ತಿತ್ತು. ಎರಡೂ ಒಂದರ ಕೈಯನ್ನೊಂದು ಹಿಡಿದೇ ನಡೆದವು.

ಆದ್ದರಿಂದ ವಿದ್ಯಾರ್ಥಿಗಳು 'ನನ್ನ ಬದುಕು ನನ್ನದು' ಎನ್ನುವ ಮುನ್ನ ಆ ಬದುಕಿಗಾಗಿ ಇಂದು ಎಷ್ಟು ಗಂಟೆ ಕೆಲಸ ಮಾಡಿದೆ ಎಂದು ಕೇಳಿಕೊಳ್ಳಲಿ. ಹಾಡು ಕೇಳುವುದೂ ಹಾಡು ಕಟ್ಟುವುದೂ ಒಂದೇ ಅಲ್ಲ. ಮೊದಲನೆಯದು ವಿಶ್ರಾಂತಿ, ಎರಡನೆಯದು ದುಡಿಮೆ. ಹೆತ್ತವರೂ ಒಂದನ್ನು ಗಮನಿಸಬೇಕು. ಹಾರ್ಮೋನಿಯಂ, ತಬಲ, ಕೀಬೋರ್ಡು ಹಿಡಿದ ಮಗು ಓದಿಗೆ ಶತ್ರುವಾಯಿತೆಂದು ತಿಳಿಯಬೇಕಾಗಿಲ್ಲ. ದಿನಕ್ಕೊಂದು ಗಂಟೆ ತಪ್ಪದೆ ಅಭ್ಯಾಸ ಮಾಡಿದ ಕೈಗೆ ಪುಸ್ತಕದ ಮುಂದೆಯೂ ಅದೇ ಶಿಸ್ತು ಒದಗುತ್ತದೆ.

ಮುಂದಿನ ಸಲ ಕೋಣೆಯಿಂದ ಹಾಡು ಕೇಳಿಬಂದಾಗ 'ಬಂದ್ ಮಾಡೋ' ಎನ್ನುವ ಬದಲು 'ಯಾರ ಹಾಡಪ್ಪಾ ಅದು?' ಎಂದು ಅಪ್ಪ ಕೇಳಿ ನೋಡಬಹುದು. ಮಗ ಎರಡು ಮಾತು ಹೇಳಿಯಾನು. ಬಳಿಕ ಹಾಡನ್ನು ತಾನಾಗಿಯೇ ನಿಲ್ಲಿಸಿ ಪುಸ್ತಕ ತೆರೆದಾನು.