ದೀಪ ಉರಿದರೆ ಸಾಲದು

ಇಂಗ್ಲೆಂಡಿನಲ್ಲಿ ಹಳೆಯ ಮನೆಗಳನ್ನು ಕೊಂಡು ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಮನೆ ಬೆಚ್ಚಗಾಗದಿದ್ದಾಗ, "ಬಾಯ್ಲರ್ ಹಳೆಯದಾಗಿದೆ, ಬದಲಾಯಿಸಿಬಿಡಿ" ಎಂಬ ಮಾತಿಗೆ ಒಡನೆಯೇ ತಲೆಯಾಡಿಸಬೇಡಿ. ಹೊಸ ಬಾಯ್ಲರಿಗೆ ಸಾವಿರಾರು ಪೌಂಡು ಬೇಕು. ದೋಷವಾದರೋ ಗೋಡೆಯ ಮೇಲಿನ ಅಂಗೈಯಗಲದ ಪ್ರೋಗ್ರಾಮರಿನಲ್ಲಿ ಇದ್ದೀತು.

ಊರಿನಲ್ಲಿರುವ ಬಂಧುಗಳಿಗಾಗಿ ಸ್ವಲ್ಪ ವಿವರಣೆ. ಅಲ್ಲಿನ ಅನೇಕ ಹಳೆಯ ಮನೆಗಳಲ್ಲಿ ಒಂದೇ ಬಾಯ್ಲರ್ ಅನಿಲದಿಂದ ನೀರು ಕಾಯಿಸುತ್ತದೆ. ಆ ನೀರು ಒಂದು ಕವಾಟದ ಮೂಲಕ ಕೋಣೆಗಳ ರೇಡಿಯೇಟರುಗಳಿಗೆ ಹರಿಯುತ್ತದೆ. ಇನ್ನೊಂದರ ಮೂಲಕ ಸ್ನಾನದ ನೀರಿನ ಸಿಲಿಂಡರಿಗೆ ಶಾಖವನ್ನು ಒಯ್ಯುತ್ತದೆ. ಯಾವುದು ಎಷ್ಟು ಗಂಟೆಗೆ ಆರಂಭವಾಗಬೇಕೆಂದು ಆಜ್ಞಾಪಿಸುವುದು ಪ್ರೋಗ್ರಾಮರ್. ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಜವಾನನ ಕೆಲಸ ಎನ್ನಿ.

2024ರ ಜನವರಿಯಲ್ಲಿ ಲೀಡ್ಸ್ ನಗರದ ಮಗಳ ಮನೆಯಲ್ಲಿದ್ದಾಗ ರೇಡಿಯೇಟರುಗಳು ತಣ್ಣಗಾದವು. ಮನೆಯಲ್ಲಿ ನಾಲ್ಕು ತಿಂಗಳ ಮಗು. ಬಂದ ಮೆಕ್ಯಾನಿಕ್ ಐದು ನಿಮಿಷ ನೋಡಿ, ಬಾಯ್ಲರಿನ ಆಯುಷ್ಯ ಮುಗಿಯಿತೆಂದ. ಆದರೆ ಸಿಲಿಂಡರಿನೊಳಗಿನ ವಿದ್ಯುತ್ ಹೀಟರನ್ನು ಯಾರೂ ಹಾಕಿರಲಿಲ್ಲ. ಆದರೂ ಸ್ನಾನಕ್ಕೆ ಬಿಸಿನೀರು ಧಾರಾಳವಾಗಿ ಬರುತ್ತಿತ್ತು. ಸ್ನಾನಕ್ಕೆ ನೀರು ಕಾಯಿಸುವ ಬಾಯ್ಲರ್ ಕೋಣೆಗೆ ಮಾತ್ರ ಸತ್ತಿರುವುದು ಹೇಗೆ? ಹತ್ತನೆಯ ತರಗತಿಯಲ್ಲಿ ಬಲ್ಬು ಉರಿಯದಿದ್ದಾಗ ಮಂಡಲವನ್ನು ತುಂಡು ತುಂಡಾಗಿ ಪರೀಕ್ಷಿಸುತ್ತಿದ್ದೆವಲ್ಲ, ಅದೇ ಕ್ರಮ ಇಲ್ಲಿಯೂ ಸಲ್ಲುತ್ತದೆ. ಎರಡಕ್ಕೂ ಸಮಾನವಾದ ಭಾಗಗಳನ್ನು ಬಿಟ್ಟರೆ ಉಳಿಯುವುದು ಮೂರು: ಪ್ರೋಗ್ರಾಮರ್, ಕೋಣೆಯ ಥರ್ಮೋಸ್ಟಾಟ್, ರೇಡಿಯೇಟರುಗಳ ಕವಾಟ.

ಥರ್ಮೋಸ್ಟಾಟನ್ನು ಗರಿಷ್ಠಕ್ಕೆ ತಿರುಗಿಸಿದಾಗ 'ಟಿಕ್' ಎಂದಿತು. ಕವಾಟದ ಪುಟ್ಟ ಸನ್ನೆಯನ್ನು ಬೆರಳಿನಿಂದ ತಳ್ಳಿದಾಗ ಬಿಗಿಯಾಗಿತ್ತು. ಒಳಗಿನ ಮೋಟಾರು ಕವಾಟವನ್ನು ತೆರೆದಿದ್ದರೆ ಅದು ಸಡಿಲವಾಗಿರಬೇಕಿತ್ತು. ಎಂದರೆ ಮೋಟಾರು ಕೆಟ್ಟಿದೆ, ಇಲ್ಲವೇ ಅದಕ್ಕೆ ವಿದ್ಯುತ್ತು ತಲುಪುತ್ತಿಲ್ಲ. ಪ್ರೋಗ್ರಾಮರಿನ ದೀಪ ಮಾತ್ರ ಠೀವಿಯಿಂದ ಉರಿಯುತ್ತಿತ್ತು. ಎಲ್ಲರೂ ಮೋಸಹೋಗುವುದು ಇಲ್ಲಿಯೇ. ಆ ದೀಪ ಸೂಚಿಸುವುದು ಪೆಟ್ಟಿಗೆಯ ನಿರ್ಧಾರವನ್ನು. ವಿದ್ಯುತ್ತನ್ನು ನಿಜವಾಗಿ ಹೊರಗೆ ಕಳುಹಿಸಬೇಕಾದುದು ಒಳಗಿನ ರಿಲೇ. ವರ್ಷಾನುಗಟ್ಟಲೆ ಕಿಡಿಹಾರಿ ಅದರ ಸ್ಪರ್ಶಬಿಂದುಗಳು ಸುಟ್ಟುಹೋಗುತ್ತವೆ. (ಕೆಲವೊಮ್ಮೆ ಅಂಟಿಕೊಂಡೂ ಬಿಡುತ್ತವೆ, ಆಗ ದೀಪ ಆರಿದರೂ ರೇಡಿಯೇಟರ್ ಕಾಯುತ್ತಲೇ ಇರುತ್ತದೆ.)

ಮರುದಿನ ಎಲೆಕ್ಟ್ರಿಷಿಯನ್ ಮೀಟರು ಹಿಡಿದು ನೋಡಿದ. ಪ್ರೋಗ್ರಾಮರಿನ ಒಳಗೆ 230 ವೋಲ್ಟ್ ಬರುತ್ತಿತ್ತು, ರೇಡಿಯೇಟರಿನ ತಂತಿಗೆ ಏನೂ ಇಲ್ಲ. ಹಲವು ತಯಾರಕರ ಪ್ರೋಗ್ರಾಮರುಗಳು ಗೋಡೆಯ ಮೇಲಿನ ಒಂದೇ ಬಗೆಯ ಫಲಕಕ್ಕೆ ಹೊಂದುತ್ತವೆ. ಹಾಗಾಗಿ ತಂತಿಗಳನ್ನು ಮುಟ್ಟದೆಯೇ ಹೊಸದನ್ನು ಕೂರಿಸಿದ. ಮಗು ಅಂದು ರಾತ್ರಿ ಟೋಪಿಯಿಲ್ಲದೆ ಮಲಗಿತು.

ನೀವು ಪೆಟ್ಟಿಗೆಯನ್ನು ಬಿಚ್ಚಬೇಕೆಂದು ಹೇಳುತ್ತಿಲ್ಲ. ಅದು ವಿದ್ಯುತ್ ಬಲ್ಲವರ ಕೆಲಸ. ಬಾಯ್ಲರಿನ ಅನಿಲದ ಭಾಗಕ್ಕೆ 'ಗ್ಯಾಸ್ ಸೇಫ್' ನೋಂದಣಿಯುಳ್ಳವರೇ ಬರಬೇಕು. 2009ರಲ್ಲಿ ಹಳೆಯ 'ಕಾರ್ಗಿ' ನೋಂದಣಿಯ ಬದಲಿಗೆ ಇದು ಬಂತು. ಆದರೆ ನೋಡುವುದಕ್ಕೆ, ಆಲಿಸುವುದಕ್ಕೆ ಯಾರ ಪರವಾನಗಿಯೂ ಬೇಡ. ಗಡಿಯಾರ ಸರಿಯಿದೆಯೇ? ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಅಲ್ಲಿ ಗಂಟೆ ಬದಲಾಗುತ್ತದೆ. ಫ್ಯೂಸು ಹೋಗಿದೆಯೇ? ಯಾರಾದರೂ ರಜೆಯ ಗುಂಡಿ ಒತ್ತಿದ್ದಾರೆಯೇ?

ಮೊಬೈಲಿನಿಂದ ನಡೆಯುವ ಹೊಸ ಥರ್ಮೋಸ್ಟಾಟ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆಂದು ಅಳಿಯಂದಿರ ವಾದ. ಹಾಕಿಸಲಿ, ಬೇಡವೆನ್ನುವುದಿಲ್ಲ, ಕವಾಟದ ಮೋಟಾರು ಕೆಟ್ಟಿದ್ದರೆ ಮೊಬೈಲಿನ ಆಜ್ಞೆಯನ್ನು ಅದೂ ಕೇಳುವುದಿಲ್ಲ. ಹಳೆಯ ಮನೆಯನ್ನು ಕೊಳ್ಳುವವರು ಕವಾಟಗಳೆಲ್ಲಿ, ಫ್ಯೂಸಿನ ಸ್ವಿಚ್ಚೆಲ್ಲಿ ಎಂದು ಮಾರುವವರನ್ನು ಕೇಳಿ, ಬೀಗದ ಕೈ ಪಡೆಯುವ ಮೊದಲೇ ಬರೆದಿಟ್ಟುಕೊಳ್ಳಿ. ಸಿಲಿಂಡರಿರುವ ಕಪಾಟಿನಲ್ಲಿ, ಮಡಿಚಿಟ್ಟ ಟವೆಲುಗಳ ಹಿಂದೆ ಅವು ಅಡಗಿರುವುದುಂಟು.