ಕ್ರೀಡಾಂಗಣ ಹೊಸದಾಗಲಿ, ಗೇಟಿನ ಚಾವಿ ಯಾರ ಕೈಯಲ್ಲಿ?

2025ರ ನವೆಂಬರ್‌ನಲ್ಲಿ ದಿಲ್ಲಿಯಿಂದ ಒಂದು ಸುದ್ದಿ ಬಂತು. ಅಲ್ಲಿನ ಜವಾಹರಲಾಲ್ ನೆಹರೂ ಕ್ರೀಡಾಂಗಣವನ್ನು ಕೆಡವಿ, 102 ಎಕರೆ ಜಾಗದಲ್ಲಿ 'ಸ್ಪೋರ್ಟ್ಸ್ ಸಿಟಿ' ಕಟ್ಟುವ ಆಲೋಚನೆ ಕೇಂದ್ರ ಕ್ರೀಡಾ ಸಚಿವಾಲಯಕ್ಕಿದೆಯಂತೆ. 1982ರ ಏಷ್ಯನ್ ಗೇಮ್ಸ್‌ಗೆ ಕಟ್ಟಿದ್ದು, 2010ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಕೋಟಿಗಟ್ಟಲೆ ಸುರಿದು ನವೀಕರಿಸಿದ್ದು. ಸುದ್ದಿ ಬರುವ ಕೆಲವೇ ವಾರ ಮೊದಲು ಅಲ್ಲೇ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ನಡೆದಿತ್ತು. ಅದಕ್ಕೆಂದು ಹಾಸಿದ ಟ್ರ್ಯಾಕ್ ಇನ್ನೂ ಹೊಸದು.

ದಿಲ್ಲಿಯ ಕಥೆ ಜಮಖಂಡಿಯವರಿಗೆ ಯಾಕೆ ಅಂತ ಕೇಳಬಹುದು. ತಾಲ್ಲೂಕು ಕ್ರೀಡಾಂಗಣದ 'ಉನ್ನತೀಕರಣ' ಅನ್ನೋ ಪದ ನಮ್ಮ ಕಡೆಯೂ ಪ್ರತಿ ಬಜೆಟ್ಟಿಗೆ, ಪ್ರತಿ ಚುನಾವಣೆಗೆ ಎದ್ದು ಬರುತ್ತೆ. ಆ ಪದ ಕೇಳಿದ ಕೂಡಲೇ ನಾವು ಕೇಳೋದು ಒಂದೇ ಪ್ರಶ್ನೆ: ಎಷ್ಟು ಕೋಟಿ? ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇದು, ಕೆಲಸ ಮುಗಿದ ಮೇಲೆ ಬೆಳಿಗ್ಗೆ ಐದು ಗಂಟೆಗೆ ಗೇಟು ತೆರೆದಿರುತ್ತಾ?

ಐದು ಗಂಟೆ ಅನ್ನೋದು ಸುಮ್ಮನೆ ಹೇಳಿದ್ದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿನ ಮೈದಾನಕ್ಕೆ ಆ ಹೊತ್ತಿಗೆ ಹೋದರೂ ಓಡುತ್ತಿರೋರಲ್ಲಿ ಬಹಳಷ್ಟು ಮಂದಿ ಪದಕಕ್ಕಾಗಿ ಓಡುತ್ತಿರಲ್ಲ, ನೌಕರಿಗಾಗಿ ಓಡುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡ್ ಒಳಗೆ ಓಡಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ. ಸೇನೆಯ ಅಗ್ನಿವೀರ್ ಓಟದಲ್ಲಿ ಪೂರ್ತಿ ಅಂಕ ಬೇಕಂದ್ರೆ 1.6 ಕಿಲೋಮೀಟರಿಗೆ ಐದೂವರೆ ನಿಮಿಷ. ಕಬ್ಬಿನ ಗದ್ದೆಯಲ್ಲಿ ದುಡಿಯುವವರ, ಮಗ್ಗದ ಪಾಳಿ ಮುಗಿಸಿ ಬರುವವರ ಮಕ್ಕಳಿಗೆ ಕೋಚಿಂಗ್ ಸೆಂಟರ್ ಇಲ್ಲದಿದ್ದರೂ ನಡೆಯುತ್ತೆ. ಅಳತೆ ಮಾಡಿದ ಒಂದು ಸುತ್ತು ಬೇಕೇ ಬೇಕು.

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸ್ವಲ್ಪ ಮೂಗು ತೂರಿಸ್ತಾನೆ, ಸಹಿಸಿಕೊಳ್ಳಿ. 400 ಮೀಟರಿನ ಪ್ರಮಾಣಿತ ಟ್ರ್ಯಾಕ್‌ನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಎಂಟು ಲೇನ್ ಸೇರಿದರೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಜಾಗ, ಅಂದ್ರೆ ಹತ್ತಿರ ಹತ್ತಿರ ನಾಲ್ಕು ಎಕರೆ. ಈ ಲೆಕ್ಕದಲ್ಲಿ ಚೌಕಾಶಿ ನಡೆಯಲ್ಲ. ಒಂದು ಬದಿ ಗ್ಯಾಲರಿ, ಇನ್ನೊಂದು ಬದಿ ವಾಣಿಜ್ಯ ಮಳಿಗೆ, ಮೂಲೆಯಲ್ಲಿ ಸಮುದಾಯ ಭವನ ಅಂತ ಹತ್ತು ಹತ್ತು ಮೀಟರ್ ತಿಂದರೆ ಟ್ರ್ಯಾಕ್ 300 ಆಗುತ್ತೆ, ಆಮೇಲೆ 200. ಉದ್ಘಾಟನೆಯ ಫೋಟೋದಲ್ಲಿ ಅದು ಕಾಣೋದಿಲ್ಲ. 1600 ಮೀಟರಿಗೆ ನಾಲ್ಕರ ಬದಲು ಎಂಟು ಸುತ್ತು ಹಾಕುವ ಹುಡುಗನ ಮೊಣಕಾಲಿಗೆ ಗೊತ್ತಾಗುತ್ತೆ.

ಅಭಿವೃದ್ಧಿಯ ಯೋಜನಾ ವರದಿಗಳು ಎಣಿಸೋದು ಏನನ್ನ? ಆಸನಗಳನ್ನ, ಚದರ ಮೀಟರುಗಳನ್ನ, ಮಳಿಗೆಗಳಿಂದ ಬರುವ ಬಾಡಿಗೆಯನ್ನ. ಸಾರ್ವಜನಿಕರಿಗೆ ಪುಕ್ಕಟೆಯಾಗಿ ತೆರೆದಿರುವ ಗಂಟೆಗಳನ್ನ ಎಣಿಸುವ ಕಾಲಂ ಅದರಲ್ಲಿ ಇರಲ್ಲ. ಮಣ್ಣಿನ ಮೈದಾನಕ್ಕೆ ಬೆಲೆ ಕಟ್ಟೋದು ಕಷ್ಟ, ಹಾಗಾಗಿ ಅಲ್ಲಿ ಯಾರೂ ಬೀಗ ಹಾಕಲ್ಲ. ಸಿಂಥೆಟಿಕ್ ಹಾಸಿದ ದಿನ ಅದು 'ಆಸ್ತಿ' ಆಗುತ್ತೆ, ಬೀಗ ಬರುತ್ತೆ, ಬೀಗದ ಹಿಂದೆ ಶುಲ್ಕ ಬರುತ್ತೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನೇ ತಗೊಳ್ಳಿ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಅಲ್ಲಿ. ಮಾಲೀಕ ರಾಜ್ಯ ಸರ್ಕಾರ. 2014ರ ನಂತರ ಅದು ಬೆಂಗಳೂರು ಎಫ್‌ಸಿ ತಂಡದ ತವರು ಮೈದಾನವಾಯ್ತು. ಫುಟ್‌ಬಾಲ್ ಬಂದದ್ದು ಖುಷಿಯೇ, ಆ ಗ್ಯಾಲರಿಯ ಸದ್ದು ಕೇಳಿದವರು ಮರೆಯಲ್ಲ. ಆದರೆ ಪಂದ್ಯದ ದಿನ, ತಯಾರಿಯ ದಿನ ಅಂತ ಓಟಗಾರರು ಹೊರಗುಳಿಯಬೇಕಾಯ್ತು. ಟ್ರ್ಯಾಕ್ ಸವೆದು ಹೋಯ್ತು, ಕ್ರೀಡಾಪಟುಗಳು ಪ್ರತಿಭಟಿಸಿದರು, ವ್ಯಾಜ್ಯ ಹೈಕೋರ್ಟ್ ತನಕ ಹೋಯ್ತು. ಅಲ್ಲಿ ಜಾಗವನ್ನು ಯಾರೂ ಮಾರಿರಲಿಲ್ಲ, ಒಂದು ಇಟ್ಟಿಗೆಯೂ ಕೈ ಬದಲಾಯಿಸಿರಲಿಲ್ಲ. ಜಗಳ ಆಗಿದ್ದು ಗಂಟೆಗಳ ಹಂಚಿಕೆಗೆ. 2022ರಲ್ಲಿ ದಿಲ್ಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಒಬ್ಬ ಹಿರಿಯ ಐಎಎಸ್ ಅಧಿಕಾರಿ ನಾಯಿ ಅಡ್ಡಾಡಿಸೋದಕ್ಕೆ ಕ್ರೀಡಾಪಟುಗಳನ್ನು ಬೇಗ ಹೊರಗೆ ಕಳಿಸುತ್ತಿದ್ದಾರೆ ಎಂಬ ವರದಿ ಬಂತಲ್ಲ, ಅದೂ ಇದೇ ಜಾತಿಯದು. ಸುದ್ದಿಯಾದ ಮೇಲೆ ವರ್ಗಾವಣೆ ಆಯ್ತು, ಸರ್ಕಾರಿ ಕ್ರೀಡಾಂಗಣಗಳು ರಾತ್ರಿ ಹತ್ತರವರೆಗೆ ತೆರೆದಿರಬೇಕು ಅಂತ ಆದೇಶವೂ ಬಂತು. ನಮ್ಮೂರಿನ ಗೇಟಿಗೆ ಬೀಗ ಬಿದ್ದರೆ ಅಷ್ಟು ದೊಡ್ಡ ಸುದ್ದಿ ಯಾರು ಮಾಡ್ತಾರೆ?

ಹಾಗಂತ 'ಇದ್ದದ್ದು ಇದ್ದಂಗೆ ಇರ್ಲಿ' ಅನ್ನೋರ ಜೊತೆಗೂ ನಾನಿಲ್ಲ. ಶೌಚಾಲಯ ಇಲ್ಲದ, ದೀಪ ಇಲ್ಲದ ಮೈದಾನ ಗಂಡಸರ ಮೈದಾನ ಅಷ್ಟೇ. ಆ 400 ಮೀಟರ್ ಓಟಕ್ಕೆ ತಯಾರಾಗೋ ಹುಡುಗಿ ಕತ್ತಲಲ್ಲಿ ಅಲ್ಲಿಗೆ ಹೆಂಗೆ ಬರಬೇಕು? ಕುಸ್ತಿಯದೂ ಅದೇ ಕಥೆ. ನಮ್ಮ ಭಾಗದ ಪೈಲ್ವಾನರು ಗರಡಿ ಮಣ್ಣಿನಲ್ಲಿ ತಾಲೀಮು ಮಾಡಿ ಜಾತ್ರೆಯ ಕಣದಲ್ಲಿ ಗೆಲ್ತಾರೆ, ರಾಷ್ಟ್ರಮಟ್ಟಕ್ಕೆ ಹೋದರೆ ಸ್ಪರ್ಧೆ ಮ್ಯಾಟ್ ಮೇಲೆ. ಮ್ಯಾಟ್ ಬೇಕು, ದೀಪ ಬೇಕು, ನೀರು ಬೇಕು. ಇವಕ್ಕೆ ಮಳಿಗೆ ಸಾಲು ಬೇಕಾಗಿಲ್ಲ.

'ತಾತ್ಕಾಲಿಕ ತೊಂದರೆ, ಸಹಕರಿಸಿ' ಅನ್ನೋ ಬೋರ್ಡಿನ ಬಗ್ಗೆಯೂ ಒಂದು ಮಾತು. ಬೀಳಗಿ ಕಡೆಯವರಿಗೆ ಈ ಭಾಷೆ ಯಾರೂ ಕಲಿಸಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು, ಅಣೆಕಟ್ಟಿನ ಮಟ್ಟ 519.60ರಿಂದ 524.256 ಮೀಟರಿಗೆ ಏರಿದರೆ ಮತ್ತೆ ಯಾವ ಹೊಲ ಹೋಗುತ್ತೆ ಅಂತ ಕಾಯುತ್ತಿರುವವರು ಅವರು. ಮೊದಲು ಖಾಲಿ ಮಾಡಿ, ಆಮೇಲೆ ಹೊಸದು ಕೊಡ್ತೀವಿ ಅನ್ನೋದರಲ್ಲಿ 'ಆಮೇಲೆ' ಎಷ್ಟು ಉದ್ದ ಅಂತ ಅವರಿಗೆ ಗೊತ್ತು. ಕ್ರೀಡೆಯಲ್ಲೇ ಉದಾಹರಣೆ ಬೇಕಂದ್ರೆ ಪಕ್ಕದ ವಿಜಯಪುರದ ಸೈಕ್ಲಿಂಗ್ ವೆಲೋಡ್ರೋಮ್ ಇದೆ. ಅದರ ಕೆಲಸ ವರ್ಷಗಟ್ಟಲೆ ಕುಂಟಿತು. ಈ ಎರಡು ಜಿಲ್ಲೆಗಳು ದೇಶಕ್ಕೆ ಸೈಕ್ಲಿಸ್ಟುಗಳನ್ನು ಕೊಟ್ಟಿವೆ, ಅವರು ತಾಲೀಮು ಮಾಡಿದ್ದು ಕಬ್ಬಿನ ಟ್ರ್ಯಾಕ್ಟರುಗಳ ಜೊತೆ ಹೆದ್ದಾರಿಯಲ್ಲಿ. ಒಂದು ಮೈದಾನ ಮೂರು ವರ್ಷ ಮುಚ್ಚಿದರೆ ಇಪ್ಪತ್ತೈದು ದಾಟುತ್ತಿರುವ ಹುಡುಗನಿಗೆ ನೇಮಕಾತಿಯ ವಯೋಮಿತಿಯೇ ಮುಗಿದುಹೋಗುತ್ತೆ.

ಕಾನೂನು ಏನಾದ್ರೂ ಹೇಳುತ್ತಾ? ಹೇಳುತ್ತೆ, ಜೋರಾಗಿಯೇ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು 1976ರಲ್ಲಿ ಸರ್ಕಾರದ ಸೂಚನೆಯಂತೆ ಖಾಸಗಿ ಆಸ್ಪತ್ರೆ ಕಟ್ಟೋದಕ್ಕೆ ಕೊಡಲಾಯ್ತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವೇ ನಿಂತಿತು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಉದ್ಯಾನದ ಜಾಗ ಅದಕ್ಕಲ್ಲ. ಪ್ರಶ್ನಿಸುವ ಹಕ್ಕು ಅಲ್ಲಿ ಬದುಕುವ ಜನರಿಗಿದೆ ಅಂತಲೂ ಒಪ್ಪಿತು. ಇದರ ಜೊತೆಗೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಇದೆ. ಮೈದಾನಗಳ ಪಟ್ಟಿ ಮಾಡಬೇಕು, ಪಟ್ಟಿಗೆ ಸೇರಿದ್ದನ್ನು ಬೇರೆ ಉದ್ದೇಶಕ್ಕೆ ಬಳಸಬಾರದು ಅನ್ನೋದು ಅದರ ತಿರುಳು. ಈ ಪಟ್ಟಿ ಅನ್ನೋ ಮಾತಿನಲ್ಲೇ ಎಲ್ಲಾ ಇದೆ. ಹೆಸರು ಅದರಲ್ಲಿ ಇಲ್ಲದಿದ್ದರೆ, ಜನ ನೂರು ವರ್ಷದಿಂದ ಆಡುತ್ತಿರುವ ಜಾಗವೂ ದಾಖಲೆಯಲ್ಲಿ ಬರೀ ಸರ್ಕಾರಿ ಜಮೀನು.

ಜಮಖಂಡಿಯ ಪೋಲೋ ಮೈದಾನದ ಹೆಸರಲ್ಲೇ ಪಟವರ್ಧನರ ಕಾಲ ಕೂತಿದೆ. ಸಂಸ್ಥಾನ 1948ರ ಮಾರ್ಚ್ 8ಕ್ಕೆ ವಿಲೀನವಾಯ್ತು. ಕುದುರೆಗಳು ಹೋದವು, ಮೈದಾನ ಊರಿನದಾಯ್ತು. ಅಲ್ಲಿ ಸಮಾವೇಶ, ಭಾಷಣ ಎಲ್ಲಾ ನಡೀತಾವೆ, ನಡೀಲಿ. ಈಗ ನಿಮ್ಮ ಊರಿನ ಮೈದಾನ ಆ ಪಟ್ಟಿಯಲ್ಲಿದೆಯಾ ಅಂತ ನಗರಸಭೆಗೆ, ಪಟ್ಟಣ ಪಂಚಾಯಿತಿಗೆ ಬರೆದು ಕೇಳಿ. ಉನ್ನತೀಕರಣದ ಪ್ರಸ್ತಾವ ಇದ್ದರೆ ಯೋಜನಾ ವರದಿಯ ಪ್ರತಿ ಕೇಳಿ, ನಕ್ಷೆಯಲ್ಲಿ ಟ್ರ್ಯಾಕ್ ಎಷ್ಟು ಮೀಟರ್ ಅಂತ ನೋಡಿ, ಕಾಮಗಾರಿ ನಡೆಯುವಾಗ ಓಡೋರಿಗೆ ಬದಲಿ ಜಾಗ ಎಲ್ಲಿ, ಆಮೇಲೆ ಗೇಟು ಎಷ್ಟು ಗಂಟೆಗೆ, ಶುಲ್ಕ ಎಷ್ಟು ಅಂತ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ದಾಖಲೆ ಮಾತ್ರವಲ್ಲ, ಕಾಮಗಾರಿಯನ್ನೂ ನೀವು ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ಮಾದರಿಯನ್ನೂ ಕೇಳಿ ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಟೆಂಡರ್ ಆಗೋದಕ್ಕೆ ಮೊದಲೇ ಹಾಕಿ. ಪಿಲ್ಲರ್ ಎದ್ದ ಮೇಲೆ ಟ್ರ್ಯಾಕ್ ಅಳೆಯೋಕೆ ಹೋದರೆ ಟೇಪು ಗೋಡೆಗೆ ತಾಗುತ್ತೆ.